ಒಂದೇ ಗಂಟೆಗೆ ಇಬ್ಬರು

2001ರ ಮಾತು. ಆವತಿಯ ಹೆದ್ದಾರಿ ಬದಿಯಲ್ಲಿ ಒಂದು ಜೆರಾಕ್ಸ್ ಅಂಗಡಿ. ಅಲ್ಲಿ ಲಿನಕ್ಸ್ ಹಾಕಿದ ಎರಡು ಕಂಪ್ಯೂಟರ್, ಒಂದೇ ಪ್ರಿಂಟರ್. ಎರಡನ್ನೂ ತಂತಿಯಿಂದ ಜೋಡಿಸಿದರೆ ಇನ್ನೊಂದು ಪ್ರಿಂಟರ್ ಕೊಳ್ಳುವ ಖರ್ಚು ಉಳಿಯುತ್ತದೆಂದು ಅಂಗಡಿಯವರ ಮಗ, ಪಿಯುಸಿ ವಿದ್ಯಾರ್ಥಿ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಎರಡು ಹಳೆಯ ನೆಟ್‌ವರ್ಕ್ ಕಾರ್ಡು ತಂದು ಕೂರಿಸಿದ. ಕಂಪ್ಯೂಟರ್‌ಗಳು ಮಾತಾಡಲಿಲ್ಲ.

“ಹಳೇ ಮಾಲು ತಂದು ದುಡ್ಡು ದಂಡ ಮಾಡಿದೆಯಲ್ಲೋ!” ಎಂದರು ತಂದೆ.

ಕಾರ್ಡು ನಿಜಕ್ಕೂ ಕೆಟ್ಟಿತ್ತೇ? ಇದನ್ನು ತಿಳಿಯಲು ‘ಇಂಟರಪ್ಟ್’ ಎಂದರೇನೆಂದು ತಿಳಿಯಬೇಕು. ಒಲೆಯ ಮೇಲೆ ಬೇಳೆ ಬೇಯುವಾಗ ಅಮ್ಮ ಕುಕ್ಕರಿನ ಮುಂದೆಯೇ ನಿಲ್ಲುವುದಿಲ್ಲ. ಬೇರೆ ಕೆಲಸ ಮಾಡುತ್ತಿದ್ದು, ಸೀಟಿ ಕೇಳಿದಾಗ ಬರುತ್ತಾರೆ. ಕಂಪ್ಯೂಟರಿನ ಪ್ರೊಸೆಸರ್ ಕೂಡ ಹಾಗೆಯೇ. ತಂತಿಯಲ್ಲಿ ಮಾಹಿತಿ ಬಂದಾಗ ಕಾರ್ಡು ಒಂದು ಗಂಟೆ ಬಾರಿಸಿ ಅದನ್ನು ಕರೆಯುತ್ತದೆ. ಅದೇ ಇಂಟರಪ್ಟ್.

1981ರ ಐಬಿಎಂ ಪಿಸಿಯಲ್ಲಿ ಇಂತಹ ಗಂಟೆಗಳು 8. 1984ರ ‘ಎಟಿ’ ಮಾದರಿಯಲ್ಲಿ ಮತ್ತೊಂದು ಚಿಪ್ ಸೇರಿ 16 ಆದವು. ಎರಡು ಚಿಪ್‌ಗಳ ಜೋಡಣೆಗೇ ಒಂದು ಹೋಗಿ ಉಳಿದದ್ದು 15. ಗಡಿಯಾರಕ್ಕೆ 0, ಕೀಲಿಮಣೆಗೆ 1, ಎರಡನೆಯ ಸೀರಿಯಲ್ ಪೋರ್ಟಿಗೆ 3, ಮೊದಲನೆಯದಕ್ಕೆ 4, ಫ್ಲಾಪಿಗೆ 6, ಹಾರ್ಡ್ ಡಿಸ್ಕಿಗೆ 14. ಆಗಿನ ಐಎಸ್ಎ ಕಾರ್ಡುಗಳು ಸಾಮಾನ್ಯವಾಗಿ ಒಂದೇ ಗಂಟೆಯನ್ನು ಹಂಚಿಕೊಳ್ಳಲಾರವು. ತರಗತಿಯಲ್ಲಿ ಇಬ್ಬರಿಗೆ ಒಂದೇ ಹಾಜರಿ ಸಂಖ್ಯೆ ಕೊಟ್ಟರೆ ಆಗುವ ಗೊಂದಲವೇ ಇಲ್ಲಿಯೂ.

ಲಿನಕ್ಸಿನಲ್ಲಿ ‘ಪ್ರಾಕ್’ ಎಂಬ ಡೈರೆಕ್ಟರಿಯೊಳಗೆ ‘ಇಂಟರಪ್ಟ್ಸ್’ ಎಂಬ ಕಡತವಿದೆ. ಯಾವ ಗಂಟೆ ಎಷ್ಟು ಬಾರಿ ಬಾರಿಸಿತೆಂಬ ಲೆಕ್ಕ ಅದರಲ್ಲಿರುತ್ತದೆ. ಹುಡುಗ ಎರಡೂ ಕಂಪ್ಯೂಟರಿನಲ್ಲಿ ಅದನ್ನು ತೆರೆದು, ಒಂದರಿಂದ ಇನ್ನೊಂದಕ್ಕೆ ‘ಪಿಂಗ್’ ಕಳುಹಿಸಿ ನೋಡಿದ. ಒಂದರಲ್ಲಿ ಕಾರ್ಡಿನ ಎದುರಿನ ಅಂಕಿ ಏರುತ್ತಿತ್ತು. ಇನ್ನೊಂದರಲ್ಲಿ ಸೊನ್ನೆ ಅಲುಗಲಿಲ್ಲ. ಕಾರ್ಡುಗಳನ್ನು ಅದಲುಬದಲು ಮಾಡಿದ. ಆಗಲೂ ಅದೇ ಕಂಪ್ಯೂಟರಿನಲ್ಲಿ ಸೊನ್ನೆ! ಅಂದರೆ ದೋಷ ಕಾರ್ಡಿನದಲ್ಲ.

ಆ ಕಂಪ್ಯೂಟರಿನೊಳಗೆ ಒಂದು ಮೋಡೆಮ್ ಕಾರ್ಡೂ ಇತ್ತು. ಕಂಪ್ಯೂಟರ್ ಆರಂಭವಾಗುವಾಗ ಮೂಡುವ ಸಂದೇಶಗಳನ್ನು ತಿರುಗಿ ಓದಿದಾಗ ಗುಟ್ಟು ರಟ್ಟಾಯಿತು. ಮೋಡೆಮ್ ಎರಡನೆಯ ಸೀರಿಯಲ್ ಪೋರ್ಟಾಗಿ 3ನೆಯ ಗಂಟೆಯನ್ನು ಹಿಡಿದಿತ್ತು. ‘ಎನ್ಇ 2000’ ಮಾದರಿಯ ನೆಟ್‌ವರ್ಕ್ ಕಾರ್ಡಿಗೂ ಅದೇ 3!

ಪರಿಹಾರಕ್ಕೆ ಕಾಸು ಬೇಕಾಗಲಿಲ್ಲ. ಪ್ಲಗ್ ಕಿತ್ತು, ಕಾರ್ಡಿನ ಮೇಲಿನ ಪುಟ್ಟ ಜಂಪರನ್ನು 3ರಿಂದ ತೆಗೆದು 5ಕ್ಕೆ ಹಾಕಿದ. 5ನ್ನು ಸೌಂಡ್ ಕಾರ್ಡು ಬಳಸುವುದು ರೂಢಿ. ಆದರೆ ಈ ಕಂಪ್ಯೂಟರಿನಲ್ಲಿ ಸೌಂಡ್ ಕಾರ್ಡು ಇರಲಿಲ್ಲ. ಕಾರ್ಡಿನ ಡ್ರೈವರ್‌ಗೂ ಹೊಸ ಸಂಖ್ಯೆ ತಿಳಿಸಿದ. ಇದನ್ನು ಮರೆತರೆ ಡ್ರೈವರ್ ಹಳೆಯ ಗಂಟೆಗೇ ಕಾಯುತ್ತಾ ಕೂರುತ್ತದೆ.

1992ರಲ್ಲಿ ಬಂದ ಪಿಸಿಐ ವ್ಯವಸ್ಥೆ ಗಂಟೆಗಳನ್ನು ಹಂಚಿಕೊಳ್ಳಲು ದಾರಿ ಮಾಡಿತು. ಇಂದಿನ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡುಗಳು ಗಂಟೆಯ ಬದಲು ಸಂದೇಶವನ್ನೇ ಕಳುಹಿಸುತ್ತವೆ. ಹಾಗಾಗಿ ಈ ಜಗಳ ಈಗ ಅಪರೂಪ. ಆದರೆ ಆ ಕಡತ ಇಂದಿನ ಲಿನಕ್ಸಿನಲ್ಲೂ ಇದೆ. ವಿದ್ಯಾರ್ಥಿಗಳು ತೆರೆದಿಟ್ಟು, ಕೀಲಿಮಣೆ ಒತ್ತುತ್ತಾ, ತಂತಿ ಜೋಡಿಸುತ್ತಾ ಯಾವ ಅಂಕಿ ಏರುತ್ತದೆಂದು ನೋಡಬಹುದು.

ಅಂದು ಸಂಜೆ ಪ್ರಿಂಟರ್ ಸದ್ದು ಮಾಡಿತು. ತಂದೆ ಏನೂ ಹೇಳಲಿಲ್ಲ. ಎದ್ದು ಹೋಗಿ ಅದಕ್ಕೆ ಇನ್ನಷ್ಟು ಕಾಗದ ತುಂಬಿಸಿದರು.