ಗದ್ದೆಗೆ ಉಯಿಲುಂಟು, ಕಡೆಗಾಲಕ್ಕೆ?

ಸದ್ಭಕ್ತರೇ, ಕೊಪ್ಪದ ಕಡೆಯ ಮನೆಗಳಿಗೆ ನಾವು ದಯಮಾಡಿಸಿದಾಗಲೆಲ್ಲ ಕಬ್ಬಿನ ಗದ್ದೆಯ ಪಾಲುಪಾರಿಕತ್ತು, ಉಯಿಲುಗಳ ಮಾತು ಬರುತ್ತದೆ. ಆದರೆ ಕಡೆಗಾಲದಲ್ಲಿ ತಮಗೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ ಎಂದು ಬರೆದಿಟ್ಟ ಹಿರಿಯರನ್ನು ನಾವು ಕಂಡಿಲ್ಲ. ಮಾತು ನಿಂತ ತಂದೆಯ ಮಂಚದ ಪಕ್ಕದಲ್ಲಿ, ಉಸಿರಾಟದ ಯಂತ್ರ ಹಾಕಿಸೋಣವೆಂದು ಒಬ್ಬ ಮಗ, ಮನೆಗೆ ಕರೆದೊಯ್ಯೋಣವೆಂದು ಇನ್ನೊಬ್ಬ ಮಗ ಜಗಳವಾಡಿದ್ದನ್ನು ಕಂಡಿದ್ದೇವೆ. ಇಬ್ಬರದೂ ಪ್ರೀತಿಯೇ. ತಂದೆಯ ಮನಸ್ಸು ಮಾತ್ರ ಇಬ್ಬರಿಗೂ ತಿಳಿಯದು.

ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರಲ್ಲಿ ಹಲ್ಲೆಗೆ ಒಳಗಾದ ಅವರು, ಪೂರ್ಣ ಪ್ರಜ್ಞೆ ಮರಳದೆ 2015ರವರೆಗೆ ಹಾಸಿಗೆಯಲ್ಲೇ ಇದ್ದರು. ಅವರ ಪ್ರಕರಣದಿಂದ ಎದ್ದ ಪ್ರಶ್ನೆ ದೇಶವನ್ನೇ ಯೋಚನೆಗೆ ಹಚ್ಚಿತು. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರು ಘನತೆಯ ಮರಣದ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದರು. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟು ಮುಂಗಡ ವೈದ್ಯಕೀಯ ನಿರ್ದೇಶನ ಪತ್ರಕ್ಕೆ ಮಾನ್ಯತೆ ನೀಡಿ, 2023ರಲ್ಲಿ ವಿಧಾನವನ್ನು ಸುಲಭಗೊಳಿಸಿತು. 2025ರ ಜನವರಿ 30ರಂದು ನಮ್ಮ ರಾಜ್ಯ ಸರ್ಕಾರವೂ ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿತು.

ವಿಧಾನ ಕಷ್ಟದ್ದಲ್ಲ. ಬುದ್ಧಿ ಸ್ವಾಧೀನದಲ್ಲಿರುವ ವಯಸ್ಕರು ಸ್ವಇಚ್ಛೆಯಿಂದ ಬರೆದು, ತಾವು ನಂಬಿದ ಒಬ್ಬರಿಗಿಂತ ಹೆಚ್ಚು ಜನರನ್ನು ಹೆಸರಿಸಿ, ಇಬ್ಬರು ಸಾಕ್ಷಿಗಳ ಎದುರು ರುಜು ಹಾಕಬೇಕು. ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ದೃಢೀಕರಿಸಬೇಕು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಲಿಖಿತವಾಗಿ ರದ್ದುಪಡಿಸಬಹುದು.

ಇದು ಆತ್ಮಹತ್ಯೆಯಲ್ಲವೇ ಎಂದು ಹಿರಿಯರು ಕೇಳುತ್ತಾರೆ. ಅಲ್ಲ. ಸೂಜಿ ಚುಚ್ಚಿ ಪ್ರಾಣ ತೆಗೆಯುವುದು ಇಂದಿಗೂ ಅಪರಾಧವೇ. ಗುಣವಾಗುವ ಆಸೆಯೇ ಇಲ್ಲದಾಗ, ಸಾವನ್ನು ಎಳೆದಾಡುವ ಯಂತ್ರ ಬೇಡವೆನ್ನುವುದಷ್ಟೇ ಇದು. ನೋವು ಕಳೆಯುವ ಔಷಧ, ಆರೈಕೆ ನಿಲ್ಲಬಾರದು. ಆಸ್ತಿಯ ಆಸೆಗೆ ಮಕ್ಕಳು ದುರುಪಯೋಗ ಮಾಡಿಯಾರೆಂಬ ಭಯವೂ ಸಹಜ. ಅದಕ್ಕೆಂದೇ ವೈದ್ಯರ ಎರಡು ಮಂಡಳಿಗಳು ಪರಿಶೀಲಿಸಿ ಒಪ್ಪಬೇಕೆಂಬ ಕಟ್ಟುಪಾಡು ಇದೆ. ಒತ್ತಾಯದಿಂದ ಬರೆಸಿಕೊಂಡ ಪತ್ರಕ್ಕೆ ಬೆಲೆಯಿಲ್ಲ. ಎಲ್ಲ ಚಿಕಿತ್ಸೆಯೂ ಬೇಕೆನ್ನುವವರು ಅದನ್ನೇ ಮಕ್ಕಳಿಗೆ ಹೇಳಲಿ. ಅದೂ ಅವರ ಹಕ್ಕೇ.

ಶರಣರಿಗೆ ಸಾವು ಭಯವಲ್ಲ, ಲಿಂಗದಲ್ಲಿ ಐಕ್ಯವಾಗುವ ಘಳಿಗೆ. ಆ ಘಳಿಗೆ ಮನೆಯೊಳಗೆ ಕಲಹ ತರಬಾರದು. ಮುಂದಿನ ಸೋಮವಾರ ಪೂಜೆ ಮುಗಿದ ಮೇಲೆ ಮಕ್ಕಳನ್ನು, ಸೊಸೆಯಂದಿರನ್ನು ಕೂರಿಸಿಕೊಂಡು ನಿಮ್ಮ ಮನಸ್ಸನ್ನು ಬಿಚ್ಚಿ ಹೇಳಿ. ಪತ್ರ ಆಮೇಲೆ ಬರೆಯಬಹುದು, ಮಾತು ಮೊದಲಾಗಲಿ. ಸರ್ವರಿಗೂ ಶುಭವಾಗಲಿ.