ಮನೆಗೊಂದು ಹೆಸರು, ಹೆಸರಿಗೊಂದು ನಡೆ



ದಬ್ಬೇಘಟ್ಟದ ಸುತ್ತಮುತ್ತ ಬೇಸಿಗೆ ಬಂತೆಂದರೆ ಗೃಹಪ್ರವೇಶಗಳ ಕಾಲ. ಆ ದಿನಗಳಲ್ಲಿ ಮಠಕ್ಕೆ ಬರುವ ಭಕ್ತರು ಪೂಜ್ಯರ ಆಶೀರ್ವಾದ ಪಡೆದ ಮೇಲೆ ನನ್ನ ಮೇಜಿನ ಬಳಿಗೂ ಬರುತ್ತಾರೆ. "ಮೇಷ್ಟ್ರೇ, ನೀವು ಕನ್ನಡ ಓದಿದವರು. ಹೊಸ ಮನೆಗೆ ಒಂದು ಅರ್ಥವತ್ತಾದ ಹೆಸರು ಹೇಳಿ" ಎನ್ನುತ್ತಾರೆ. ಬಹುಕಾಲ ನಾನು ಇದನ್ನು ಪದಗಳ ಕೆಲಸವೆಂದೇ ತಿಳಿದಿದ್ದೆ. ಅದು ತಪ್ಪೆಂದು ಈಗ ಅನ್ನಿಸುತ್ತಿದೆ. ಏಕೆಂಬುದನ್ನು ತಮ್ಮಲ್ಲಿ ಬಿನ್ನವಿಸಿಕೊಳ್ಳುತ್ತೇನೆ.

ನಮ್ಮ ಹಿರಿಯರು ಮನೆಗೆ ಹೆಸರು ಕೆತ್ತಿಸಿದವರಲ್ಲ. ತೊಟ್ಟಿಮನೆ, ಬಾವಿಮನೆ, ದೊಡ್ಡಮನೆ ಎಂದು ಊರೇ ಹೆಸರಿಡುತ್ತಿತ್ತು. ಕಂಡದ್ದನ್ನು ನೋಡಿ ಇಟ್ಟ ಹೆಸರಾದುದರಿಂದ ಅದರಲ್ಲಿ ಸುಳ್ಳಿಗೆ ಎಡೆಯಿರಲಿಲ್ಲ. ಇಂದು ಮನೆಯ ಒಡೆಯನೇ ಹೆಸರನ್ನು ಆರಿಸಿ, ಕಲ್ಲಿನಲ್ಲಿ ಕೆತ್ತಿಸಿ, ಬೀದಿಗೆ ಮುಖಮಾಡಿ ನಿಲ್ಲಿಸುತ್ತಾನೆ. ಅಂದಮೇಲೆ ಅದು ಬರಿಯ ಗುರುತಲ್ಲ, ಹಾದುಹೋಗುವವರೆಲ್ಲರ ಎದುರು ಕೊಟ್ಟ ಮಾತು.

ಮಾತಿಗೆ ತಕ್ಕಂತೆ ನಡೆದ ಮನೆಗಳು ನಮ್ಮ ನಾಡಿನಲ್ಲಿವೆ. ಕುವೆಂಪು ಅವರು ಮೈಸೂರಿನ ತಮ್ಮ ಮನೆಗೆ 'ಉದಯರವಿ' ಎಂದು ಹೆಸರಿಟ್ಟರು. ಆ ಹೆಸರು ಪ್ರಕಾಶನಕ್ಕೂ ಸಂದು, ಅವರ ಪುಸ್ತಕಗಳೊಡನೆ ಕನ್ನಡಿಗರ ಮನೆಮನೆಗೂ ಹೋಯಿತು. ಅವರ ಮಗ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತೋಟದ ಮನೆಯನ್ನು 'ನಿರುತ್ತರ' ಎಂದು ಕರೆದರು. ತಂದೆಯ ಮನೆಯ ಹೆಸರಿನಲ್ಲಿ ಬೆಳಕಿನ ಭರವಸೆಯಿದ್ದರೆ, ಮಗನ ಮನೆಯ ಹೆಸರಿನಲ್ಲಿ ಉತ್ತರಕ್ಕೆ ಸಿಕ್ಕದುದರ ಮುಂದಿನ ವಿನಯವಿದೆ. ಧಾರವಾಡದ ಸಾಧನಕೇರಿಯಲ್ಲಿರುವ ಬೇಂದ್ರೆಯವರ ಮನೆ 'ಶ್ರೀಮಾತಾ'. ತಾಯಿಯ ಹೆಸರನ್ನೇ ಹೊತ್ತು 'ಅಂಬಿಕಾತನಯದತ್ತ'ನೆಂದು ಬರೆದ ಕವಿಯ ಮನೆಗೆ ಅದು ಎಷ್ಟು ಸಹಜವಾದ ಹೆಸರು! ಈ ಮೂವರೂ ಪರರಿಂದ ಹೆಸರು ಕೇಳಿ ಪಡೆದವರಂತೆ ಕಾಣುವುದಿಲ್ಲ. ಬಾಳಿದ ಬಾಳಿನಿಂದಲೇ ಆ ಹೆಸರುಗಳು ಹುಟ್ಟಿದಂತಿವೆ.

ಇವೆಲ್ಲಕ್ಕೂ ಹಿಂದೆ, ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಮನೆ 'ಮಹಾಮನೆ' ಎನಿಸಿಕೊಂಡಿತು. ಕಂಬಗಳ ಎತ್ತರವಾಗಲಿ ಅಂಕಣಗಳ ಲೆಕ್ಕವಾಗಲಿ ಅದನ್ನು ಮಹಾ ಆಗಿಸಲಿಲ್ಲ. ಯಾವ ಕುಲದವರು, ಯಾವ ಕಾಯಕದವರು ಎಂದು ಕೇಳದೆ ಬಂದವರನ್ನು ಒಳಗೆ ಕರೆದು ದಾಸೋಹ ನಡೆಸಿದ್ದರಿಂದ ಆ ಹೆಸರು ಬಂತು. ನಮ್ಮ ಮಕ್ಕಳಿಗೆಲ್ಲ ಬಾಯಿಪಾಠವಾಗಿರುವ ವಚನವೊಂದರಲ್ಲಿ ಬಸವಣ್ಣನವರು, ತಮ್ಮನ್ನು ಹೊರಗಿನವನೆಂದು ಎಣಿಸದೆ ಕೂಡಲಸಂಗನ ಮನೆಯ ಮಗನೆಂದೇ ಕಾಣಬೇಕೆಂದು ಬೇಡುತ್ತಾರೆ. ಹೊಸ್ತಿಲಿನಿಂದಾಚೆ ನಿಂತವನ ಸಂಕಟವನ್ನು ತಮ್ಮದಾಗಿಸಿಕೊಂಡವರು ಮಾತ್ರ ಹಾಗೆ ಬೇಡಬಲ್ಲರು.

ಈಗ ನನ್ನ ತಪ್ಪನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಭಕ್ತರೊಬ್ಬರು ಹೆಸರು ಕೇಳಿದಾಗ ನಾನು ಕ್ಷಣವೂ ಯೋಚಿಸದೆ 'ಮಹಾಮನೆ' ಎಂದೆ. ಅವರಿಗೆ ಬಹಳ ಸಂತೋಷವಾಯಿತು. ಗೃಹಪ್ರವೇಶಕ್ಕೆ ನನ್ನನ್ನೂ ಕರೆದರು. ನಡುಮನೆಯಲ್ಲಿ ನಮಗೆಲ್ಲ ಪಂಕ್ತಿ ಹಾಕಿದ್ದರು. ಆ ಮನೆಗೆ ಕಲ್ಲು ಹೊತ್ತವರು, ಅವರ ತೋಟದಲ್ಲಿ ಕಾಯಿ ಕೀಳುವವರು, ಹಿತ್ತಲಿನ ತೆಂಗಿನ ಮರದ ಕೆಳಗೆ ಕುಳಿತಿದ್ದರು. ಅವರ ಬೊಗಸೆಗೆ ನೀರನ್ನು ಮೇಲಿನಿಂದ ಸುರಿಯುತ್ತಿದ್ದರು. ನಾನು ನೋಡುತ್ತಿದ್ದುದನ್ನು ಗಮನಿಸಿದ ಯಜಮಾನರು, "ಒಳಗೆ ಬರೋಕೆ ಅವರಿಗೇ ಸಂಕೋಚ" ಎಂದರು. ನಾನು ಏನೂ ಹೇಳದೆ ಊಟ ಮುಗಿಸಿದೆ.

ಹೊರಡುವಾಗ ಬಾಗಿಲ ಬಳಿ ಶಾಲೆಯ ಸಮವಸ್ತ್ರ ತೊಟ್ಟ ಪುಟ್ಟ ಹುಡುಗಿಯೊಬ್ಬಳು ಫಲಕದ ಅಕ್ಷರಗಳನ್ನು ಕೂಡಿಸಿ ಓದುತ್ತಿದ್ದಳು. "ಅಪ್ಪಾ, ಮಹಾಮನೆ ಅಂದ್ರೇನು?" ಎಂದು ಕೇಳಿದಳು. ಹಿತ್ತಲಿನಿಂದ ಬಂದ ಅವಳ ತಂದೆ, "ದೊಡ್ಡೋರ ಮನೆ ಅಂತ ಕಣವ್ವಾ" ಎಂದ.

ಶರಣರ ಮಾತಿಗೆ ಆ ಅರ್ಥವಿಲ್ಲ. ಆದರೆ ಅಂದು ಆ ಅಂಗಳದಲ್ಲಿ ಅದೇ ಸರಿಯಾದ ಅರ್ಥವಾಗಿತ್ತು. ಶರಣರ ಒಂದು ದೊಡ್ಡ ಮಾತನ್ನು ಅದರ ವಿರುದ್ಧಾರ್ಥಕ್ಕೆ ತಿರುಗಿಸುವುದರಲ್ಲಿ ಯಜಮಾನರಷ್ಟೇ ನನ್ನ ಪಾಲೂ ಇತ್ತು. ಹೆಸರು ಕೊಟ್ಟವನು ನಾನು, ಮೌನವಾಗಿ ಉಂಡವನೂ ನಾನು.

ಹೆಸರಿಗಿಂತ ನಡೆ ಮೊದಲು ಎಂಬುದಕ್ಕೆ ಫ.ಗು. ಹಳಕಟ್ಟಿಯವರಿಗಿಂತ ಬೇರೆ ನಿದರ್ಶನ ಬೇಕಿಲ್ಲ. ವಚನಗಳನ್ನು ಅಚ್ಚುಮಾಡಲು ಅವರು ತಮ್ಮ ಮನೆಯನ್ನೇ ಮಾರಿ, ವಿಜಯಪುರದಲ್ಲಿ ಮುದ್ರಣಾಲಯ ತೆರೆದರು. ಆ ಮುದ್ರಣಾಲಯದ ಹೆಸರು 'ಹಿತಚಿಂತಕ'. ಮನೆ ಕಳೆದುಕೊಂಡು ಗಳಿಸಿದ ಹೆಸರು ಅದು. ನಾವಿಂದು ವಚನಗಳಿಂದ ಮನೆಗೆ ಹೆಸರು ಹೆಕ್ಕಲು ಸಾಧ್ಯವಾಗಿರುವುದೂ ಅಂಥವರು ಅವನ್ನು ಉಳಿಸಿಕೊಟ್ಟಿದ್ದರಿಂದ.

ನಮ್ಮ ಸೀಮೆಯ ಕೊಬ್ಬರಿಯನ್ನೇ ನೋಡಿರಿ. ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಕಾಯುತ್ತೇವೆ. ಒಳಗಿನ ನೀರು ಇಂಗಿ, ಅಲುಗಿಸಿದಾಗ ಗಿಟುಕು ಸದ್ದು ಮಾಡಿದ ಮೇಲೆಯೇ ಸುಲಿಯುತ್ತೇವೆ. ಅವಸರಪಟ್ಟು ಒಡೆದ ಕೊಬ್ಬರಿಗೆ ತಿಪಟೂರಿನ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ. ಮನೆಯ ಹೆಸರಿಗೂ ಅಷ್ಟು ಕಾಲ ಕೊಡಬಾರದೇಕೆ? ಗೃಹಪ್ರವೇಶದ ದಿನ ಫಲಕದ ಜಾಗ ಖಾಲಿಯಿರಲಿ. ಒಂದು ವರ್ಷ ಆ ಮನೆಯಲ್ಲಿ ಬಾಳಿರಿ. ಯಾರು ಬಂದರು, ಯಾರು ಒಳಗೆ ಕುಳಿತರು, ಯಾರು ಬಾಗಿಲಿನಿಂದಲೇ ಹಿಂದಿರುಗಿದರು ಎಂಬುದನ್ನು ನೆನೆಯಿರಿ. ವಯಸ್ಸಾದ ತಾಯಿ ಹೊಸ ಮನೆಯಲ್ಲಿದ್ದಾರೆಯೇ, ತೋಟದ ಹಳೆಯ ಮನೆಯಲ್ಲಿಯೇ ಉಳಿದರೇ ಎಂಬುದನ್ನು ನೋಡಿಕೊಂಡ ಮೇಲೆ 'ಮಾತೃಛಾಯಾ' ಎಂದು ಕೆತ್ತಿಸಿರಿ.

ದೊಡ್ಡ ಪದಗಳೇ ಬೇಕೆಂದಿಲ್ಲ. 'ನೆರಳು' ಎಂಬುದು ಚಿಕ್ಕ ಹೆಸರು; ದಾರಿಹೋಕನೊಬ್ಬ ಜಗಲಿಯ ಮೇಲೆ ದಣಿವಾರಿಸಿಕೊಂಡರೆ ಅದು ನಿಜವಾಗುತ್ತದೆ. 'ಹದುಳ' ಎಂದರೆ ಕ್ಷೇಮ. ಬಂದವರನ್ನು ಕುಳ್ಳಿರಿಸಿ ಕ್ಷೇಮ ಕೇಳಿದರೆ ಅದು ನಿಜವಾಗುತ್ತದೆ. ಕೆಲಸಕ್ಕೆ ಬಂದವರಿಗೂ ಮನೆಯವರಿಗೂ ನೀರಿನ ಲೋಟ ಒಂದೇ ಆದ ದಿನ 'ಮಹಾಮನೆ' ಎಂಬುದೂ ನಿಜವಾಗುತ್ತದೆ.

ಈಗ ಯಾರಾದರೂ ಹೆಸರು ಕೇಳಿದರೆ ನಾನು ತಟ್ಟನೆ ಹೇಳುವುದಿಲ್ಲ. ಮುಂದಿನ ವರ್ಷ ಬನ್ನಿರೆನ್ನುತ್ತೇನೆ. ಕೆಲವರಿಗೆ ಬೇಸರವಾಗುತ್ತದೆ; ಅವರಲ್ಲಿ ಕ್ಷಮೆ ಕೋರುತ್ತೇನೆ. ಆ ಹುಡುಗಿಗೆ ಮಾತ್ರ ನಾನಿನ್ನೂ ಸರಿಯಾದ ಅರ್ಥವನ್ನು ಹೇಳಬೇಕಾಗಿದೆ.