ಪದವಿಚಾರ: ‘ಕಸಿನ್’ ಎಂದರೆ ಯಾರು?

ಇಂಗ್ಲಿಷು ಪದಗಳಲ್ಲಿ ಕೆಲವು ನಮ್ಮ ನಡುಮನೆಯವರೆಗೂ ಬಂದು ನೆಲಸಿರುವುವು. ‘ಕಸಿನ್’ ಎಂಬುದು ಅವುಗಳಲ್ಲೊಂದು. ದೊಡ್ಡಪ್ಪನ ಮಗನೂ ಕಸಿನ್, ಸೋದರಮಾವನ ಮಗಳೂ ಕಸಿನ್! ಈ ಪದದ ಅರ್ಥವನ್ನೂ ಬಳಕೆಯನ್ನೂ ವಾಚಕರೊಡನೆ ಈ ತಿಂಗಳು ವಿಚಾರಿಸೋಣ.

ಇದರ ಮೂಲವು ಲ್ಯಾಟಿನ್ ಭಾಷೆಯ ‘ಕಾನ್ಸೊಬ್ರೀನುಸ್’. ಮೊದಲಲ್ಲಿ ಈ ಹೆಸರು ತಾಯಿಯ ಸೋದರಿಯ ಮಕ್ಕಳಿಗೆ ಸಲ್ಲುತ್ತಿತ್ತು. ತಂದೆಯ ಸೋದರನ ಮಕ್ಕಳಿಗೂ ಸೋದರತ್ತೆಯ ಮಕ್ಕಳಿಗೂ ರೋಮನರಲ್ಲಿ ಬೇರೆ ಬೇರೆ ಹೆಸರುಗಳಿದ್ದುವು. ಪದವು ಫ್ರೆಂಚಿನ ಮೂಲಕ ಇಂಗ್ಲಿಷನ್ನು ಸೇರುವಷ್ಟರಲ್ಲಿ ಆ ಭೇದಗಳು ಅಳಿದಿದ್ದುವು. 1600ರ ಸುಮಾರಿನ ‘ಹ್ಯಾಮ್ಲೆಟ್’ ನಾಟಕದಲ್ಲಿ ಷೇಕ್ಸ್‌ಪಿಯರನ ರಾಜನು ತನ್ನ ಸೋದರನ ಮಗನನ್ನೇ ‘ಕಸಿನ್’ ಎನ್ನುತ್ತಾನೆ.

ಈಗಿನ ನಿಯಮವು ಹೀಗಿದೆ. ಒಡಹುಟ್ಟಿದವರಲ್ಲದೆ, ಒಬ್ಬರೇ ಅಜ್ಜ ಅಜ್ಜಿಯರ ಮೊಮ್ಮಕ್ಕಳಾದವರು ಪರಸ್ಪರ ‘ಫಸ್ಟ್ ಕಸಿನ್’. ಆ ಇಬ್ಬರ ಮಕ್ಕಳು ತಮ್ಮೊಳಗೆ ‘ಸೆಕೆಂಡ್ ಕಸಿನ್’. ತಂದೆಯ ಫಸ್ಟ್ ಕಸಿನ್ ಮಗನಿಗೆ ಏನಾಗಬೇಕು? ನಡುವೆ ಒಂದು ತಲೆಮಾರಿನ ಅಂತರವುಂಟಾದಕಾರಣ ‘ಫಸ್ಟ್ ಕಸಿನ್ ಒನ್ಸ್ ರಿಮೂವ್ಡ್’. ‘ಕಸಿನ್ ಬ್ರದರ್’, ‘ಕಸಿನ್ ಸಿಸ್ಟರ್’ ಎಂಬುವು ನಮ್ಮ ದೇಶದ ಇಂಗ್ಲಿಷಿನ ರೂಢಿ. ಇಂಗ್ಲೆಂಡಿನವರು ಬರಿದೆ ‘ಕಸಿನ್’ ಎನ್ನುವರು.

ನಾವು ಅದಕ್ಕೆ ‘ಬ್ರದರ್’ ಎಂಬುದನ್ನು ಏಕೆ ಅಂಟಿಸಿದೆವು? ಆ ಪದದಿಂದ ನಮಗೆ ತೃಪ್ತಿಯಾಗಲಿಲ್ಲ, ಅಷ್ಟೆ. ಕನ್ನಡದಲ್ಲಿ ಚಿಕ್ಕಪ್ಪನ ಮಗನೂ ಚಿಕ್ಕಮ್ಮನ ಮಗನೂ ಅಣ್ಣನೋ ತಮ್ಮನೋ ಆಗುವರು. ಸೋದರಮಾವನ ಮಗನೂ ಸೋದರತ್ತೆಯ ಮಗನೂ ಭಾವನೋ ಮೈದುನನೋ ಆಗುವರು. ಮೊದಲಿನವರೊಡನೆ ಮದುವೆಯ ಮಾತೇ ಇಲ್ಲ. ಎರಡನೆಯವರಲ್ಲಿ ಹೆಣ್ಣು ಕೊಟ್ಟು ತರುವ ವಾಡಿಕೆ ಅನೇಕ ಮನೆತನಗಳಲ್ಲಿ ಉಂಟು. ಹಿರಿಯನೋ ಕಿರಿಯನೋ, ಯಾವ ಬಗೆಯ ನಂಟೋ ಎಂಬುದನ್ನು ನಮ್ಮ ಒಂದೇ ಪದವು ತಿಳಿಸುತ್ತದೆ. ‘ಕಸಿನ್’ ಎಂದರೆ ಗಂಡೋ ಹೆಣ್ಣೋ ಎಂಬುದೂ ತಿಳಿಯದು.

ಇಂಗ್ಲಿಷಿನಲ್ಲಿ ಬರೆಯುವಾಗ ‘ಕಸಿನ್’ ಎಂದೇ ಬರೆಯೋಣ. ನಂಟನ್ನು ತಿಳಿಸಬೇಕಾದಲ್ಲಿ ‘ತಾಯಿಯ ಸೋದರನ ಮಗ’ ಎಂಬಂತೆ ಬಿಡಿಸಿ ಹೇಳೋಣ. ಮನೆಯೊಳಗೆ ಮಾತ್ರ ಮಕ್ಕಳು ಅಣ್ಣನನ್ನು ಅಣ್ಣನೆಂದೇ, ಭಾವನನ್ನು ಭಾವನೆಂದೇ ಕರೆಯಲಿ. ಹೆಸರಿನೊಡನೆ ಹೊಣೆಯೂ ಬರುವುದು. ‘ಅಣ್ಣ’ ಎಂದು ಕರೆಸಿಕೊಂಡು ಬೆಳೆದವನು ತಂಗಿಯ ಮದುವೆಗೆ ಊಟದ ಹೊತ್ತಿಗೆ ಬರುವವನಲ್ಲ. ಚಪ್ಪರ ಹಾಕುವ ದಿನವೇ ಬಂದು ನಿಲ್ಲುವನು.